ಎರಡೇ ಗೆರೆ

ಬಂದರಿನಿಂದ ದೋಣಿ ದಾಟಿ ಬೆಂಗ್ರೆಗೆ ಬಂದೆ,
ಹೆಗಲ ಚೀಲದಲ್ಲಿ ಗಣತಿಯ ಕಟ್ಟು,
ಚಪ್ಪಲಿಯೊಳಗೆ ಹೊಯಿಗೆ.
ಶಾಲೆಗೆ ರಜೆ; ನನಗಿಲ್ಲ.

ಮಾತೃಭಾಷೆ ಯಾವುದು?
ಬಲ್ಲ ಇತರ ಭಾಷೆಗಳು?
ಇತರಕ್ಕೆ ಎರಡೇ ಗೆರೆ.

ಸೀತು ತಿಂಗಳಾಯ, ಅರುವತ್ತೊಂದೊ ಅರುವತ್ಮೂರೊ,
ಬಂಗುಡೆ ಸೀಳುತ್ತಿದ್ದ ಕೈ ನಿಲ್ಲಿಸದೆ
"ಕುಲ್ಲುಲೆ ಟೀಚರ್" ಅಂದಳು.
ತುಳು, ಎಂದು ಬರೆದೆ.
ಇತರ?
ಕನ್ನಡ, ಬೇಂಕಿನಲ್ಲಿ.
ಬ್ಯಾರಿ, ಆಚೆ ಮನೆಯ ಬೀಫಾತುಮ್ಮನಿಗೆ ಸಕ್ಕರೆ ಸಾಲ ಕೊಡುವಾಗ,
ವಸೂಲು ಮಾಡುವಾಗಲೂ.
ಕೊಂಕಣಿ, ದಕ್ಕೆಯಲ್ಲಿ ಚೌಕಾಸಿ ಮಾಡುವ ಬಾಯಿಗಳಿಗೆ.
ಮಲಯಾಳ, ಗಂಡನ ಬೋಟಿನ ತಾಂಡೇಲನಿಂದ ಕಲಿತದ್ದು,
ಬೈಗುಳ ಮಾತ್ರ, ಆದರೆ ಪೂರಾ.
ಇನ್ನೂ ಹೇಳುತ್ತಿದ್ದಳು. ಗೆರೆ ಯಾವಾಗಲೋ ಮುಗಿದಿತ್ತು.
ಅಂಚಿನಲ್ಲಿ ಬರೆಯುವಂತಿಲ್ಲ.

ಇಂಗ್ಲಿಷ್?
ಸೀತು ಕತ್ತಿ ಕೆಳಗಿಟ್ಟಳು.
"ಬರ್ಪುಂಡು ಟೀಚರ್, ಬರೆಯಿರಿ:
ಶುಗರ್, ಪ್ರೆಷರ್, ಸ್ಕ್ಯಾನಿಂಗ್,
ಲೋನ್, ನೋಟೀಸ್, ಇಂಜಿನ್ ಫೇಲ್.
ಕಷ್ಟ ಬಂದದ್ದೆಲ್ಲ ಇಂಗ್ಲಿಷಿನಲ್ಲೇ.
ಬಾಗಿಲು ತಟ್ಟಿದಾಗ ಅರ್ಥ ಆಗದೆ ಇರ್ತದಾ?"

ಆಚೆ ಮನೆಯಲ್ಲಿ ಬೀಫಾತುಮ್ಮ
ಅರಬಿ ಓದುತ್ತೇನೆ, ಅರ್ಥ ಬಾರದು,
ಅದನ್ನು ಎಲ್ಲಿ ಬರೆಯುತ್ತೀ ಎಂದು ಕೇಳಿದಳು.
ಮೊಮ್ಮಗಳು ಶಮ್ನಾ, ನರ್ಸಿಂಗ್ ಮೊದಲ ವರ್ಷ,
ಹೊಸ್ತಿಲಲ್ಲೇ ನಿಂತು ಮೆಲ್ಲಗೆ,
"ನನ್ನ ಇಂಗ್ಲಿಷೂ ಹಾಗೆಯೇ ಟೀಚರ್.
ಓದುತ್ತೇನೆ, ಕಣ್ಣು ತುಂಬುತ್ತದೆ."

ಕೊನೆಯ ದೋಣಿಯಲ್ಲಿ ಹಿಂದಿರುಗಿದೆ.

ರಾತ್ರಿ, ನನ್ನ ಮನೆಯ ಹಾಳೆ.
ನನ್ನದು ಕೊಂಕಣಿ. ಗಂಡನದು ತುಳು.
ನಮ್ಮಿಬ್ಬರ ನಡುವೆ ಕನ್ನಡ;
ಜಗಳ ಮಾತ್ರ ಅವರವರದ್ದರಲ್ಲಿ.
ಮಗ ರಿಶೋನ್, ಒಂಬತ್ತು.

ಕೈಪಿಡಿಗೆ ಗೊಂದಲವಿಲ್ಲ:
ಎಳವೆಯಲ್ಲಿ ತಾಯಿ ಮಗುವಿನೊಡನೆ ಆಡಿದ ಭಾಷೆಯೇ ಮಾತೃಭಾಷೆ.

ಅವನಿನ್ನೂ ಹೊಟ್ಟೆಯಲ್ಲಿದ್ದಾಗ
ಎಲ್‌ಕೆಜಿಯ ಇಂಟರ್‌ವ್ಯೂ ನೆನೆದು ಬೆವರಿದವಳು ನಾನು.
ಕಮ್ ಬೇಬಿ. ಓಪನ್ ಯುವರ್ ಮೌತ್. ಡೋಂಟ್ ಕ್ರೈ.
ನನ್ನಮ್ಮ ಶಿತ್ ಎಂದು ಉಣಿಸಿದ್ದನ್ನು,
ಅತ್ತೆ ನುಪ್ಪು ಎಂದು ಬಡಿಸಿದ್ದನ್ನು
ರೈಸ್ ಎಂದು ಅವನ ಬಾಯಿಗಿಟ್ಟೆ.
ಉಂಡ. ಬೆಳೆದ.
ಈಗ ತಿದ್ದುತ್ತಾನೆ:
"ಮಮ್ಮಾ, ಡಿಡ್ ಯೂ ಈಟ್. ನಾಟ್ ಡಿಡ್ ಯೂ ಏಟ್."

ಅಂದರೆ ಕೈಪಿಡಿಯ ಪ್ರಕಾರ
ನನ್ನ ಮಗನ ಮಾತೃಭಾಷೆ
ಅವನ ತಾಯಿಗೆ ಸರಿಯಾಗಿ ಬಾರದ ಭಾಷೆ.

ಪೆನ್ಸಿಲಿನಲ್ಲಿ ಬರೆದೆ.
ಒರಸಿದೆ. ಮತ್ತೆ ಬರೆದೆ.
ಹಾಳೆ ಅಲ್ಲಿ ತೆಳ್ಳಗಾಗಿದೆ.

ಇತರ ಭಾಷೆ ಯಾವುದು ಬರ್ತದೆ ಪುಟ್ಟಾ, ಎಂದೆ.
ಹೋಮ್‌ವರ್ಕಿನಿಂದ ತಲೆಯೆತ್ತದೆ ಅವನು
ಶಾಲೆಯ ವ್ಯಾನಿನ ಸಂಕಪ್ಪಣ್ಣ
ಅಡ್ಡ ಬಂದ ಬಸ್ಸುಗಳಿಗೆ ಹೇಳುವ ಮಾತೊಂದನ್ನು
ಉಚ್ಚಾರ ಒಂದಿಷ್ಟೂ ಕೆಡದಂತೆ ಹೇಳಿದ.

ಒಳಗೆ ಪಾತ್ರೆ ತೊಳೆಯುತ್ತಿದ್ದ ಗಂಡ
ನಕ್ಕದ್ದು ಕೇಳಿಸಿತು.

ತುಳು ಎಂದು ಪೆನ್ನಿನಲ್ಲೇ ಬರೆದೆ.
ಆ ಮಾತನ್ನು ಬರೆಯಲಿಲ್ಲ,
ಟೀಚರಲ್ಲವೇ.