ಹದಿನಾರನೇ ಅಂಗಿ

ಪೊನ್ನಂಪೇಟೆಯ ಕಾಲೇಜು ಮೈದಾನಕ್ಕೆ
ಅವರು ಬಂದಿಳಿದ ದಿನ ಒಂದು ಟ್ರಂಕು, ಒಂದು ಸೀಟಿ,
ಪಟ್ಟಿ ಸುತ್ತಿದ ಎಡಮಂಡಿ.
ಮಿಲಿಟರಿ ತಂಡದಲ್ಲಿ ಸೆಂಟರ್ ಹಾಫ್ ಆಗಿದ್ದರಂತೆ,
ಮಂಡಿ ಕೈಕೊಟ್ಟಿತಂತೆ.
ಅಷ್ಟು ಬಿಟ್ಟರೆ ಪೆಮ್ಮಯ್ಯ ಸಾರ್ ಬಗ್ಗೆ
ಮೊದಲ ವರ್ಷ ಯಾರಿಗೂ ಏನೂ ಗೊತ್ತಾಗಲಿಲ್ಲ.

ಗೊತ್ತಾದದ್ದು ಸೋಲು.
ಮೈಸೂರಿನವರು ಏಳು ಹೊಡೆದರು, ನಾವು ಸೊನ್ನೆ.
ವಾಪಸು ಬರುವಾಗ ತಿತಿಮತಿ ಕಾಡಿನಲ್ಲಿ
ಆನೆ ಅಡ್ಡ ಬಂದು ಬಸ್ಸು ನಿಂತಿತು.
ಸಾರ್ ಎದ್ದು, ಕತ್ತಲಲ್ಲೇ, ಏಳೂ ಗೋಲುಗಳನ್ನು
ಒಂದೊಂದಾಗಿ ಹೇಳಿದರು:
ಯಾರ ಕಾಲು ಎಲ್ಲಿತ್ತು, ಯಾರ ಕಣ್ಣು ಎಲ್ಲಿತ್ತು.
ಆನೆಯೂ ಕೇಳಿಸಿಕೊಂಡಿತು ಅನ್ನಿ.
ಆರನೆಯದಕ್ಕೆ ಬಂದಾಗ ದಾರಿ ಬಿಟ್ಟಿತು;
ಏಳನೆಯದು ಮುಗಿಯುವ ತನಕ
ಡ್ರೈವರ್ ಗೇರು ಹಾಕಲಿಲ್ಲ.

ಅವರು ಬೈಯುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
"ಚೆಂಡು ಬರುವ ಮೊದಲೇ ನೀನು ಬಂದಿರಬೇಕು."
ಇದೊಂದೇ ಮಾತು, ಬೆಳಗ್ಗೆ ಐದೂವರೆಗೆ,
ಮಂಜಿನೊಳಗಿಂದ. ಆಳು ಕಾಣುವುದಿಲ್ಲ, ಸೀಟಿ ಮಾತ್ರ.
ಕಾಫಿ ಗಿಡದ ಗೂಟದಲ್ಲಿ ಕಿತ್ತಳೆಕಾಯಿ ಹೊಡೆದು
ಆಟ ಕಲಿತ ಹುಡುಗರು ನಾವು;
ಗೆರೆ ಅಂದರೆ ಏನೆಂದು ಗೊತ್ತಿರಲಿಲ್ಲ.
ಕಣ್ಣು ಕಟ್ಟಿ, ಬರಿಗಾಲಲ್ಲಿ ನಡೆಸಿದರು,
ಸುಣ್ಣ ಅಂಗಾಲಿಗೆ ತಾಗಿದ ಕೂಡಲೇ ನಿಲ್ಲಬೇಕು.

ನಾನು ಯಾವತ್ತೂ ಸರಿಯಾಗಿ ನಿಂತೆ.
ಅದೊಂದೇ ನನ್ನ ಪ್ರತಿಭೆ.

ಮೂರನೇ ವರ್ಷ ಫೈನಲ್. ಎರಡು–ಒಂದು, ನಾವು ಮುಂದೆ.
ರೈಟ್ ಹಾಫ್ ಚೀಯಣ್ಣನ ಕಣಕಾಲು ಊದಿತ್ತು.
ಹದಿನಾರನೇ ಅಂಗಿ ತೊಟ್ಟು, ಪ್ಯಾಡು ಕಟ್ಟಿಕೊಂಡು
ನಾನು ಎದ್ದು ನಿಂತೆ.
ಸಾರ್ ನನ್ನ ಕಡೆ ನೋಡಿದರು.
ಮೈದಾನದ ಕಡೆ ನೋಡಿದರು.
ಗಡಿಯಾರ ನೋಡಿದರು.
ಕುಂಟುತ್ತಲೇ ಆಡಿದ ಚೀಯಣ್ಣ. ಗೆದ್ದೆವು.
ಗೋಣಿಕೊಪ್ಪದಿಂದ ತೆರೆದ ಜೀಪು, ವಾಲಗ, ಕುಣಿತ.
ನನ್ನ ಅಂಗಿಯ ಇಸ್ತ್ರಿ ಮಡಿಕೆ ಹಾಗೇ ಇತ್ತು.

ಆಮೇಲಿನದು ಊರಿಗೆಲ್ಲ ಗೊತ್ತು.
ಮಂಗಳೂರಿನ ಕಾಲೇಜು ದುಪ್ಪಟ್ಟು ಸಂಬಳಕ್ಕೆ ಕರೆದದ್ದು,
ಇವರು ಹೋದದ್ದು, ಅಲ್ಲಿಯ ತಂಡ ಕಟ್ಟಿಕೊಂಡು ಬಂದು
ನಮ್ಮದೇ ನೆಲದಲ್ಲಿ ನಮ್ಮನ್ನು ಬಡಿದದ್ದು,
ಅಂದು ಪೇಟೆಯ ಒಂದು ಹೋಟೆಲಲ್ಲೂ
ಅವರಿಗೆ ಕಾಫಿ ಸಿಗದೆ ಹೋದದ್ದು.
ಎರಡು ವರ್ಷ ಕಳೆದು, ಹುತ್ತರಿಯ ವಾರ,
ಅದೇ ಟ್ರಂಕು ಹಿಡಿದು ವಾಪಸು ಬಂದು
"ಅಲ್ಲಿ ಸೆಕೆ" ಅಂದದ್ದು.

ಅಷ್ಟರಲ್ಲಿ ನಾನು ಮೈದಾನದ ಕೆಲಸಕ್ಕೆ ಸೇರಿದ್ದೆ.
ಪಂದ್ಯಕ್ಕೆ ಒಂದೂವರೆ ಮೂಟೆ ಸುಣ್ಣ.
ಇಪ್ಪತ್ತಾರು ವರ್ಷ ನಾನೆಳೆದ ಗೆರೆಯ ಹೊರಗೆ
ಕೈ ಹಿಂದೆ ಕಟ್ಟಿ ನಿಂತರು;
ಒಮ್ಮೆಯೂ ತುಳಿಯಲಿಲ್ಲ.

ಕೊನೆಗೆ ಹೊಸ ಪ್ರಿನ್ಸಿಪಾಲರು ಬಂದು ಲೆಕ್ಕ ಕೇಳಿದರು.
ಗೆಲುವು ಇಷ್ಟು, ಸೋಲು ಇಷ್ಟು, ಮೂರು ವರ್ಷದಿಂದ ಕಪ್ಪಿಲ್ಲ.
ಒಂದು ಶಾಲು, ಒಂದು ಹಣ್ಣಿನ ಬುಟ್ಟಿ.
ಬುಟ್ಟಿಯ ಕಿತ್ತಳೆ ನಾಗಪುರದ್ದು.
ಸಾರ್ ಒಂದನ್ನೆತ್ತಿ, ಅಂಗೈಯಲ್ಲಿ ತೂಗಿ ನೋಡಿ,
"ಇದು ಓಡುವುದಿಲ್ಲ" ಅಂದರು.

ಬೀರು ಖಾಲಿ ಮಾಡಿದ್ದು ನಾನೇ.
ತುಕ್ಕಿನ ಸೀಟಿ, ಮಂಡಿಯ ಪಟ್ಟಿ, ಒಂದು ಉದ್ದ ನೋಟ್‌ಬುಕ್ಕು.
ಗೆದ್ದದ್ದರ ಪಟ್ಟಿ ಇರಬಹುದೆಂದು ತೆರೆದೆ.
ತಾರೀಖು, ಪಂದ್ಯ, ಅದರ ಮುಂದೆ ಒಂದು ಹೆಸರು,
ಕೆಲವು ಕಡೆ ಎರಡು. ಯಾವುದೂ ಗೋಲು ಹೊಡೆದವರದಲ್ಲ.
ಓದುತ್ತ ಓದುತ್ತ ಹೊಳೆಯಿತು:
ಬೆಂಚಿನಲ್ಲೇ ಉಳಿದವರು.
ಆ ಫೈನಲಿನ ಪುಟದಲ್ಲಿ ನಾನೂ ಇದ್ದೆ.
ಪೋಕರ್ ಅಲ್ಲ, 'ಪಾಕರ್'.
ಆಮೇಲೆ ಇಪ್ಪತ್ತಾರು ವರ್ಷ ದಿನಕ್ಕೆ ಹತ್ತು ಸಲ ಕೂಗಿದರೂ
ತಿದ್ದಿರಲಿಲ್ಲ.
ನನಗೆ ನಗು ಬಂತು. ಆಮೇಲೆ ಬರಲಿಲ್ಲ.

ಪುಸ್ತಕವನ್ನು ಟ್ರಂಕಿನ ತಳಕ್ಕೆ ಹಾಕಿ ಕೊಟ್ಟೆ.
ಓದಿದೆ ಎನ್ನಲಿಲ್ಲ.
ಜೀಪು ಹತ್ತುವ ಮುಂಚೆ ಸಾರ್ ಮೈದಾನ ನೋಡಿದರು,
"ಆ ಮೂಲೆ ಗೆರೆ ಸ್ವಲ್ಪ ಸೊಟ್ಟ" ಅಂದರು.
ಸೊಟ್ಟ ಇರಲಿಲ್ಲ.
ಆದರೂ ಸಂಜೆ ಅಳಿಸಿ, ಮತ್ತೆ ಎಳೆದೆ.