ಹನ್ನೊಂದು ಸಲ

ಮುಧೋಳದಾಚೆ ಸಕ್ಕರೆ ಕಾರ್ಖಾನೆಯ ತೂಕದ ಕಾಟಾ, ರಾತ್ರಿ ಎರಡು.
ಟ್ರ್ಯಾಕ್ಟರುಗಳ ಸಾಲು ಘಟಪ್ರಭೆಯ ಸೇತುವೆ ತನಕ.
ಹಾಸಿಂಪೀರ ಮತ್ತೆ 'ಉಳಿಸು' ಒತ್ತಿದ.
ಪರದೆ ಮತ್ತೆ ಅಂದಿತು:
ಏನೋ ತಪ್ಪಾಗಿದೆ, ದಯವಿಟ್ಟು ಪುನಃ ಪ್ರಯತ್ನಿಸಿ.

"ಏನ್ ತಪ್ಪಾಗೇತಿ ಅಂತ ಹೇಳಾಕೇನ ಧಾಡಿ?
ಬಾಯಾಗ ಕಡಬ ತುರುಕ್ಯಾರೇನ ಇದರ?"

ತುರುಕಿದವನು ನಾನೇ.

ಒಳಗೆ, ಟೇಬಲ್ಲಿನ ಹೊಸ್ತಿಲಲ್ಲಿ, ಒಂದು ಟ್ರಿಗರ್;
ಯಾರು ಬರೆದಿಟ್ಟು ಹೋದರೋ, ತಾರೀಖಷ್ಟೇ ಇದೆ.
ಹನ್ನೊಂದು ಸಲವೂ ಅದು ಕೂಗಿ ಹೇಳಿತ್ತು:
ಖಾಲಿ ಗಾಡಿಯ ತೂಕ ತುಂಬಿದ ಗಾಡಿಗಿಂತ ಹೆಚ್ಚು.
ಅಡ್ಡ ನಿಂತ ನನ್ನ ಕ್ಯಾಚ್
ಆ ಕೂಗನ್ನು ಹಿಡಿದು, ನುಂಗಿ, ಮೀಸೆ ಒರೆಸಿಕೊಂಡು
ಹೊರಗೆ ಬಂದು ನಯವಾಗಿ ಕೈಮುಗಿದಿತ್ತು.

ಬುಟ್ಟಿ ಬೋರಲು ಹಾಕಿ ಕೂತೆ, ಮಂಡಿಯ ಮೇಲೆ ಲ್ಯಾಪ್‌ಟಾಪು.
ನಾಲ್ಕು ಸಾಲು ತಿದ್ದಿದೆ: ಟ್ರಿಗರ್ ಆಡಿದ್ದು
ಅದರದೇ ಮಾತಲ್ಲಿ ಕಿಟಕಿ ತನಕ ಬರಲಿ.

ಹನ್ನೆರಡನೇ ಸಲ ಹಾಸಿಂಪೀರ ತುಟಿ ಅಲುಗಿಸಿ ಓದಿದ,
ಎರಡಂಕಿ ಅದಲುಬದಲು ಮಾಡಿದ. "ಇಷ್ಟ?" ಅಂದ.
ಖಾಲಿ ಗಾಡಿ ಕಾಟಾದಿಂದ ಇಳಿಯಿತು,
ಕಬ್ಬಿನ ತುಂಡೊಂದು ಉದುರಿತು.

ಬೆಳಗಾಗುವವರೆಗೆ ಡೇಟಾಬೇಸಿನ ಲಾಗ್ ಓದುತ್ತಿದ್ದೆ:
ದೀಪಾವಳಿಯಿಂದ ಇಲ್ಲಿತನಕ
ಎಷ್ಟು ಕೂಗು, ಯಾರ್ಯಾರ ಗಾಡಿ.