ಕೈಸಾಲ

ಕುತೈಸಿಯ ಮೂರನೇ ಮಹಡಿಯಿಂದ
ನಾಜಿಬ್ರೋಲಾ ಕೂಗಿದಳು: ಬಾರೇ, ಒಂದು ಕೈಸಾಲ ಬೇಕು.
ದುಡ್ಡೆಂದುಕೊಂಡೆ; ಪರ್ಸು ಹಿಡಿದು ಹೋದೆ.

ಅವಳಿಗೆ ಬೇಕಿದ್ದುದು ಕೈಯೇ.
ಇಡೀ ಅಕ್ಟೋಬರು ಅಕ್ರೋಟು ಸುಲಿದು
ಕಪ್ಪಾಗಿದ್ದವು ಬೆರಳು, ಉಗುರಿನ ಸಂದು,
ನಿಂಬೆಗೂ ಬಗ್ಗದೆ, ಬೂದಿಗೂ ಬಗ್ಗದೆ.
ಈ ವರ್ಷ ನಾನು ಅಕ್ರೋಟು ಮುಟ್ಟಿರಲಿಲ್ಲ.

ಬತೂಮಿಯಿಂದ ಬರುತ್ತಾಳೆ ಮಗಳ ಮಗಳು ತೆಕ್ಲೆ;
ಅಕ್ರೋಟಿನ ಪುಡಿ ಸೋಕಿದರೂ ಗಂಟಲು ಕಟ್ಟುತ್ತದೆ.
ಅಳಿಯನಿಗೆ ಹಾಲು ಆಗದು, ಮೊಟ್ಟೆಯೂ.
ಅವನ ತಾಯಿಗೆ ಗೋಧಿ.
"ನೀರನ್ನೇ ಕಾಯಿಸಿ ಬಡಿಸಲೇ?"

ಹೊಸ ಪಾತ್ರೆ, ಅಂಗಡಿಯ ಚೀಟಿ ಇನ್ನೂ ಕಿತ್ತಿರಲಿಲ್ಲ.
ದ್ರಾಕ್ಷಿರಸ ಸುರಿದೆ, ಮೆಕ್ಕೆಜೋಳದ ಹಿಟ್ಟು ಕದಡಿದೆ.
ಅವಳು ಹೊಸ್ತಿಲಾಚೆ ನಿಂತು:
ತಳ ಹಿಡಿಸಬೇಡ, ಬಲಕ್ಕೇ ತಿರುಗಿಸು,
ಗಂಟು! ಅಗೋ, ಗಂಟು!
ನಲವತ್ತು ವರ್ಷ ಪೆಲಮುಶಿ ಮಾಡಿದವಳು
ಹೇಳಿಕೊಡುವುದನ್ನು ಮಾತ್ರ ಕಲಿತಿರಲಿಲ್ಲ.

ತಣಿದು, ತಟ್ಟೆಯಲ್ಲಿ ನಡುಗಿತು ನೇರಳೆ ಬಣ್ಣ.
ಮೇಲೊಂದು ಅಕ್ರೋಟಿಲ್ಲದೆ ಬೋಳು ಬೋಳು.
"ಗುಂಡಿಯಿಲ್ಲದ ಅಂಗಿ," ಗೊಣಗಿದಳು.
ದಾಳಿಂಬೆ ಉದುರಿಸೆಂದಳು, ತಕ್ಷಣ ಬೇಡವೆಂದಳು:
ಅದರ ಬಗ್ಗೆ ಕೇಳಿಯೇ ಇಲ್ಲವಲ್ಲ.

ತೆಕ್ಲೆ ಒಂದು ಚಮಚ ತಿಂದಳು.
ನಾವೆಲ್ಲ ಅವಳ ಕತ್ತನ್ನೇ ನೋಡಿದೆವು.
ಇನ್ನೊಂದು ಚಮಚ.
ಆಮೇಲೆ ತಟ್ಟೆಯನ್ನೇ ನೆಕ್ಕಿದಳು.

ಅಜ್ಜಿ ಮುದ್ದಿಗೆ ಬಾಗಿ, ಅರ್ಧಕ್ಕೇ ನಿಂತಳು
ಎರಡೂ ಕೈ ಬೆನ್ನ ಹಿಂದೆ, ಕದ್ದವಳ ಹಾಗೆ.
ಕಣ್ಣಲ್ಲೇ ಕೇಳಿದಳು ನನ್ನನ್ನು,
ಇನ್ನೊಮ್ಮೆ, ಸಾಲ.

ಮಗುವಿನ ಕೆನ್ನೆ ಸವರಿದೆ.
ಬೆಚ್ಚಗಿದೆ, ಅಂತ ಅವಳಿಗೆ ಹೇಳಿದೆ.